ಮೊದಲ ಸಲ ಆಸ್ತಿ ಮೇಲೆ ದುಡ್ಡು ಹಾಕುವ ಮುನ್ನ: ಬಾಡಿಗೆ, ಬೆಲೆ, ಸಾಲದ ಲೆಕ್ಕ

ನಿಮ್ಮ ಕೈಯಲ್ಲಿ ಸ್ವಲ್ಪ ದುಡ್ಡು ನಿಂತಿದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಸಲಹೆಗೆ ಬರವಿರುವುದಿಲ್ಲ. ‘ಒಂದು ಸೈಟ್ ಹಿಡಿದು ಹಾಕಿ, ಭೂಮಿ ಯಾವತ್ತೂ ಮೋಸ ಮಾಡಲ್ಲ’ ಅಂತ ಒಬ್ಬರು. ‘ಫ್ಲಾಟ್ ತಗೊಳ್ಳಿ, ಬಾಡಿಗೆಯಲ್ಲೇ ಇಎಂಐ ಹೋಗುತ್ತೆ’ ಅಂತ ಇನ್ನೊಬ್ಬರು. ಮೊಬೈಲ್ ತೆಗೆದರೆ, ಸಣ್ಣ ಮೊತ್ತ ಹಾಕಿ ದೊಡ್ಡ ಆಫೀಸ್ ಕಟ್ಟಡಕ್ಕೆ ಪಾಲುದಾರರಾಗಿ ಅನ್ನುವ ಜಾಹೀರಾತು. ಇವರಲ್ಲಿ ಕಾಗದ, ಪೆನ್ನು ಹಿಡಿದು ಲೆಕ್ಕ ಬಿಡಿಸಿ ತೋರಿಸುವವರು ಕಡಿಮೆ.

ಆ ಲೆಕ್ಕ ಕಷ್ಟದ್ದೇನಲ್ಲ. ಕೂಡು, ಕಳೆ, ಭಾಗಿಸು ಬಂದರೆ ಸಾಕು. ಕಾನೂನು, ತೆರಿಗೆ, ಬಡ್ಡಿ ದರ ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಒಳಗಿನ ಗಣಿತ ಮಾತ್ರ ಎಲ್ಲ ಕಡೆಯೂ ಒಂದೇ. ಅದಕ್ಕೇ ಇಲ್ಲಿನ ಉದಾಹರಣೆಗಳಲ್ಲಿ ಆಸ್ತಿಯ ಬೆಲೆಯನ್ನು ಸುಮ್ನೆ 100 ಅಂತ ಇಟ್ಟುಕೊಂಡಿದ್ದೇನೆ. ಅದನ್ನು ನೂರು ಲಕ್ಷ ಅಂತ ಓದಿಕೊಳ್ಳಿ, ನೂರು ಸಾವಿರ ಅಂತಲಾದರೂ ಓದಿಕೊಳ್ಳಿ.

ಒಂದು ಮಾತು ಮೊದಲೇ. ನೀವು ವಾಸ ಮಾಡಲು ತಗೊಳ್ಳುವ ಮನೆ ಈ ಲೆಕ್ಕಕ್ಕೆ ಪೂರ್ತಿ ಸೇರುವುದಿಲ್ಲ. ಅಲ್ಲಿ ನೆಮ್ಮದಿ, ಮಕ್ಕಳ ಶಾಲೆ, ಮನೆ ಖಾಲಿ ಮಾಡಿ ಅನ್ನುವವರಿಲ್ಲದ ಧೈರ್ಯ, ಇವಕ್ಕೂ ಬೆಲೆ ಇದೆ. ಇಲ್ಲಿ ಹೇಳುತ್ತಿರುವುದು ದುಡ್ಡು ದುಡಿಯಲಿ ಅಂತ ತಗೊಳ್ಳುವ ಆಸ್ತಿಯ ಬಗ್ಗೆ.

## ದುಡ್ಡು ಬರುವ ದಾರಿ ಎರಡೇ

ಆಸ್ತಿಯಿಂದ ಗಳಿಕೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಬಾಡಿಗೆ. ಇನ್ನೊಂದು, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ.

ಹಸು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಲು ದಿನಾ ಬರುತ್ತದೆ, ಅದು ಬಾಡಿಗೆ. ಹಸುವನ್ನೇ ಮಾರಿದಾಗ ಸಿಗುವುದು ಎರಡನೇ ಗಳಿಕೆ. ಹಾಲಿನ ದುಡ್ಡು ಲೆಕ್ಕ ಹಾಕುವಾಗ ಮೇವು, ಹಿಂಡಿ, ಡಾಕ್ಟರ ಖರ್ಚು ಕಳೆಯಬೇಕು. ಬತ್ತಿದ ತಿಂಗಳುಗಳನ್ನೂ ಮರೆಯುವಂತಿಲ್ಲ. ಮಾರುವ ದಿನ ಸಂತೆಯಲ್ಲಿ ಏನು ದರ ಇರುತ್ತದೋ ಯಾರಿಗೂ ಗೊತ್ತಿಲ್ಲ.

ಖಾಲಿ ಸೈಟ್ ತಗೊಂಡರೆ ಎರಡನೇ ಗಳಿಕೆ ಮಾತ್ರ ಉಂಟು. ಬಾಡಿಗೆ ಇಲ್ಲ, ಆದರೆ ತೆರಿಗೆ ಇದೆ, ಬೇಲಿ ಇದೆ, ಒತ್ತುವರಿ ಆಗದಂತೆ ಆಗಾಗ ಹೋಗಿ ನೋಡುವ ಕೆಲಸ ಇದೆ. ಮನೆ, ಫ್ಲಾಟ್, ಅಂಗಡಿ ಮಳಿಗೆ, ಗೋದಾಮು ಇವೆಲ್ಲ ಎರಡನ್ನೂ ಕೊಡುತ್ತವೆ, ಪ್ರಮಾಣ ಬೇರೆ ಬೇರೆ. ಸಾಮಾನ್ಯವಾಗಿ ಮಳಿಗೆ, ಆಫೀಸ್‌ಗಳಲ್ಲಿ ಬೆಲೆಗೆ ಹೋಲಿಸಿದರೆ ಬಾಡಿಗೆ ಜಾಸ್ತಿ. ಹಾಗೆಯೇ ಒಮ್ಮೆ ಖಾಲಿಯಾದರೆ ಅವು ಖಾಲಿ ಬೀಳುವ ತಿಂಗಳುಗಳೂ ಜಾಸ್ತಿ.

## ಬಾಡಿಗೆಯ ನಿಜವಾದ ಲೆಕ್ಕ

ಒಂದು ಫ್ಲಾಟಿನ ಬೆಲೆ 100. ತಿಂಗಳ ಬಾಡಿಗೆ 0.4. ವರ್ಷಕ್ಕೆ 4.8. ಬ್ರೋಕರ್ ಹೇಳುವುದು ಇದನ್ನೇ: ‘ಶೇ. 4.8 ಬರುತ್ತೆ ನೋಡಿ’. ಇದಕ್ಕೆ ಒಟ್ಟು ಬಾಡಿಗೆ ಗಳಿಕೆ ಅನ್ನೋಣ. ಈಗ ಒಂದೊಂದೇ ಕಳೆಯುತ್ತಾ ಬನ್ನಿ.

ಮೊದಲನೆಯದು, ನೀವು ಕೊಟ್ಟಿದ್ದು ಬರೀ 100 ಅಲ್ಲ. ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಫೀಸು, ಬ್ರೋಕರ್ ಕಮಿಷನ್, ಬಾಡಿಗೆಗೆ ಕೊಡುವ ಮುಂಚಿನ ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ ಇನ್ನೊಂದು 8 ಅಂತ ಇಟ್ಟುಕೊಳ್ಳಿ. ಕೈಯಿಂದ ಹೋದ ದುಡ್ಡು 108.

ವರ್ಷವಿಡೀ ಬಾಡಿಗೆದಾರರು ಇರುತ್ತಾರೆ ಅಂತ ಇಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಬಣ್ಣ ಬಳಿಸಬೇಕು, ಹುಡುಕಬೇಕು. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿದರೆ 4.8 ಇದ್ದದ್ದು 4.4 ಆಗುತ್ತದೆ. ಆಸ್ತಿ ತೆರಿಗೆ, ವಿಮೆ, ಅಪಾರ್ಟ್‌ಮೆಂಟ್ ಸಂಘದ ಮೇಂಟೆನೆನ್ಸ್‌ನಲ್ಲಿ ಮಾಲೀಕರ ಪಾಲು ಸೇರಿ 0.6 ಹೋದರೆ 3.8. ನಲ್ಲಿ, ಮೋಟರ್, ಗೀಸರ್, ಐದಾರು ವರ್ಷಕ್ಕೊಮ್ಮೆ ಬರುವ ದೊಡ್ಡ ರಿಪೇರಿಯ ಸರಾಸರಿ 0.5 ಕಳೆದರೆ 3.3. ಹೊಸ ಬಾಡಿಗೆದಾರರನ್ನು ಹುಡುಕಿಕೊಟ್ಟವರ ಕಮಿಷನ್, ಕರಾರು ಪತ್ರ, ನೀವು ದೂರದಲ್ಲಿದ್ದರೆ ನೋಡಿಕೊಳ್ಳುವವರಿಗೆ ಕೊಡುವುದು 0.3. ಉಳಿದದ್ದು 3.

3ನ್ನು 108ರಿಂದ ಭಾಗಿಸಿದರೆ ಶೇ. 2.8 ಚಿಲ್ಲರೆ. ಇದು ನಿವ್ವಳ ಗಳಿಕೆ. ಇದರ ಮೇಲೆ ಆದಾಯ ತೆರಿಗೆ ಬೇರೆ. ಶೇ. 4.8 ಅಂತ ಶುರುವಾದದ್ದು ಇಲ್ಲಿಗೆ ಬಂದು ನಿಂತಿತು. ಯಾರೂ ಸುಳ್ಳು ಹೇಳಿಲ್ಲ, ಅರ್ಧ ಲೆಕ್ಕ ಹೇಳಿದ್ದಾರೆ ಅಷ್ಟೇ.

ನಿಮ್ಮ ಊರಿನಲ್ಲಿ ಅಂಕಿಗಳು ಬೇರೆ ಇರಬಹುದು. ಬೆಲೆಗೆ ಹೋಲಿಸಿದರೆ ಬಾಡಿಗೆ ತುಂಬ ಒಳ್ಳೆಯದಿರುವ ನಗರಗಳೂ ಜಗತ್ತಿನಲ್ಲಿ ಇವೆ. ಕಳೆಯುವ ಕ್ರಮ ಮಾತ್ರ ಇದೇ. ಬಾಡಿಗೆ ಎಷ್ಟು ಬರುತ್ತದೆ ಅಂತ ತಿಳಿಯಲು ಮಾರುವವರನ್ನು ಕೇಳಬೇಡಿ. ಅದೇ ಬೀದಿಯಲ್ಲಿ ಬಾಡಿಗೆಗೆ ಇದೆ ಅಂತ ಬೋರ್ಡ್ ಹಾಕಿದ ಐದಾರು ಮನೆಗಳಿಗೆ, ಮನೆ ಹುಡುಕುತ್ತಿರುವವರ ಹಾಗೆ ಫೋನ್ ಮಾಡಿ. ಕೊಳ್ಳುವವರಿಗೆ ಹೇಳುವ ಬಾಡಿಗೆಗೂ ಬಾಡಿಗೆಗೆ ಬರುವವರಿಗೆ ಹೇಳುವ ಬಾಡಿಗೆಗೂ ಇರುವ ಅಂತರ ಅಲ್ಲೇ ಗೊತ್ತಾಗುತ್ತದೆ. ಎಷ್ಟು ದಿನದಿಂದ ಆ ಬೋರ್ಡ್ ನೇತಾಡುತ್ತಿದೆ ಅಂತಲೂ ವಿಚಾರಿಸಿ.

## ‘ಹದಿನೈದು ವರ್ಷದಲ್ಲಿ ಮೂರು ಪಟ್ಟು!’

ಬಾಡಿಗೆ ಇಷ್ಟೇ ಆದರೆ ಜನ ಯಾಕೆ ಆಸ್ತಿ ತಗೊಳ್ಳುತ್ತಾರೆ? ಬೆಲೆ ಏರುತ್ತದೆ ಅನ್ನುವ ನಂಬಿಕೆಯಿಂದ. ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಅಳೆಯುವ ರೀತಿಯಲ್ಲಿ ಎಡವಟ್ಟು ಆಗುತ್ತದೆ.

20ಕ್ಕೆ ಕೊಂಡಿದ್ದು 15 ವರ್ಷದಲ್ಲಿ 60 ಆಯಿತು ಅಂದರೆ ಕೇಳುವವರ ಕಣ್ಣು ಅರಳುತ್ತದೆ. ವರ್ಷಕ್ಕೆ ಎಷ್ಟು ಅಂತ ನೋಡಿದರೆ ಚಕ್ರಬಡ್ಡಿ ಲೆಕ್ಕದಲ್ಲಿ ಶೇ. 7.6. ಇಪ್ಪತ್ತು ವರ್ಷದಲ್ಲಿ ನಾಲ್ಕು ಪಟ್ಟು ಅಂದರೆ ಶೇ. 7.2. ಮೂವತ್ತು ವರ್ಷದಲ್ಲಿ ಹತ್ತು ಪಟ್ಟು ಅಂದರೂ ಶೇ. 8. ಕೆಟ್ಟ ಗಳಿಕೆ ಅಲ್ಲ. ಕಥೆ ಕೇಳಿದಾಗ ಅನಿಸಿದಷ್ಟು ದೊಡ್ಡದೂ ಅಲ್ಲ, ಅಲ್ವಾ? ಬಾಯಲ್ಲೇ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. ಬೆಲೆ ದುಪ್ಪಟ್ಟಾಗಲು ಹಿಡಿದ ವರ್ಷಗಳ ಸಂಖ್ಯೆಯಿಂದ 72ನ್ನು ಭಾಗಿಸಿ. ಹತ್ತು ವರ್ಷದಲ್ಲಿ ದುಪ್ಪಟ್ಟಾಗಿದ್ದರೆ ವರ್ಷಕ್ಕೆ ಸುಮಾರು ಶೇ. 7.2. ಹದಿನೆಂಟು ವರ್ಷ ಹಿಡಿದಿದ್ದರೆ ಶೇ. 4.

ಹಣದುಬ್ಬರವನ್ನೂ ಕಳೆಯಬೇಕು. ಅದೇ ಹದಿನೈದು ವರ್ಷದಲ್ಲಿ ಅಕ್ಕಿ, ಬಸ್ ಚಾರ್ಜು, ಆಸ್ಪತ್ರೆ ಬಿಲ್ಲು ಎಲ್ಲ ಏರಿರುತ್ತದೆ. ಏರಿದ ಬೆಲೆಯಲ್ಲಿ ಒಂದಷ್ಟು ಭಾಗ ದುಡ್ಡಿನ ಬೆಲೆ ಇಳಿದಿದ್ದರಿಂದ ಕಾಣುವ ಏರಿಕೆ.

ಇದನ್ನು ತುಂಬ ದೀರ್ಘಕಾಲಕ್ಕೆ ಅಳೆದು ನೋಡಿದವರಿದ್ದಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೆರೆನ್‌ಗ್ರಾಖ್ಟ್ ಅಂತ ಒಂದು ಕಾಲುವೆ ಇದೆ. ಅದರ ಎರಡೂ ದಡದ ಮನೆಗಳು ಹದಿನೇಳನೇ ಶತಮಾನದಿಂದಲೂ ಶ್ರೀಮಂತರ ಮನೆಗಳು. ಯಾವ ಮನೆ ಯಾವಾಗ ಎಷ್ಟಕ್ಕೆ ಮಾರಾಟವಾಯಿತು ಅನ್ನುವ ದಾಖಲೆ ಉಳಿದುಕೊಂಡಿದೆ. ಪೀಟ್ ಐಕ್‌ಹೋಲ್ಟ್ಸ್ ಅನ್ನುವ ಅರ್ಥಶಾಸ್ತ್ರಜ್ಞರು 1628ರಿಂದ 1973ರವರೆಗಿನ ಮಾರಾಟಗಳನ್ನು ಜೋಡಿಸಿ ನೋಡಿದರು. ಹಣದುಬ್ಬರ ಕಳೆದರೆ, ಸುಮಾರು ಮೂರೂವರೆ ಶತಮಾನದಲ್ಲಿ ಆ ಮನೆಗಳ ಬೆಲೆ ಎರಡು ಪಟ್ಟು ಆಗಿತ್ತು. ಎರಡೇ ಪಟ್ಟು. ನಡುವೆ ದಶಕಗಟ್ಟಲೆ ಏರಿದ್ದೂ ಇದೆ, ಇಳಿದದ್ದೂ ಇದೆ. ಅಮೆರಿಕದ ಮನೆ ಬೆಲೆಗಳನ್ನು 1890ರಿಂದ ಲೆಕ್ಕ ಹಾಕಿದ ರಾಬರ್ಟ್ ಶಿಲ್ಲರ್ ಅವರಿಗೂ ಇಂಥದ್ದೇ ಚಿತ್ರ ಸಿಕ್ಕಿತು. ಹಣದುಬ್ಬರ ಕಳೆದ ಮೇಲೆ ಮೊದಲ ನೂರು ವರ್ಷದಲ್ಲಿ ಒಟ್ಟಾರೆ ಏರಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಂತ ಎಲ್ಲ ಕಡೆಯೂ ಹೀಗೇ ಅಂತ ಅಲ್ಲ. ಬೆಲೆ ನಿಜವಾಗಿ ಏರುವ ಜಾಗಗಳಲ್ಲಿ ಕಾರಣಗಳು ಕಣ್ಣಿಗೆ ಕಾಣುತ್ತವೆ. ಕೆಲಸ ಹುಡುಕಿ ಜನ ಬರುತ್ತಿರುತ್ತಾರೆ, ಹೊಸದಾಗಿ ಕಟ್ಟಲು ಜಾಗ ಕಡಿಮೆ ಇರುತ್ತದೆ, ರೈಲೋ ರಸ್ತೆಯೋ ನೀರೋ ಹೊಸದಾಗಿ ಬಂದಿರುತ್ತದೆ. ಕೆಲವೊಮ್ಮೆ ಇವ್ಯಾವುವೂ ಇಲ್ಲದೆ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಡುತ್ತಿವೆ ಅನ್ನುವ ಒಂದೇ ಕಾರಣಕ್ಕೆ ಬೆಲೆ ಏರುತ್ತದೆ. ಈ ಕೊನೆಯದು ಅಪಾಯದ ಏರಿಕೆ. ಸಾಲ ಬಿಗಿಯಾದ ದಿನ ಅದು ನಿಲ್ಲುತ್ತದೆ. ಜಪಾನಿನಲ್ಲಿ 1980ರ ದಶಕದ ಕೊನೆಯಲ್ಲಿ ನೆಲದ ಬೆಲೆ ಆಕಾಶಕ್ಕೆ ಹೋಗಿತ್ತು. 1990ರ ದಶಕದ ಮೊದಲಲ್ಲಿ ಇಳಿಯಲು ಶುರುವಾದದ್ದು ಸುಮಾರು ಹದಿನೈದು ವರ್ಷ ಇಳಿಯುತ್ತಲೇ ಹೋಯಿತು.

ಏರುವುದು ನೆಲದ ಬೆಲೆ. ಕಟ್ಟಡ ವರ್ಷ ವರ್ಷ ಹಳೆಯದಾಗುತ್ತದೆ. ಸಾಮಾನ್ಯ ಮರದ ಮನೆಗೆ ಇಪ್ಪತ್ತು ಮೂವತ್ತು ವರ್ಷ ಕಳೆದರೆ ಜಪಾನಿನ ಮಾರುಕಟ್ಟೆಯಲ್ಲಿ ಬೆಲೆಯೇ ಇರುವುದಿಲ್ಲ ಅನ್ನಬಹುದು, ಕೊಳ್ಳುವವರು ನೆಲಕ್ಕೆ ಮಾತ್ರ ದುಡ್ಡು ಕೊಡುತ್ತಾರೆ. ಹಾಗಾಗಿ ಫ್ಲಾಟ್ ನೋಡುವಾಗ ಗೋಡೆ, ಟೈಲ್ಸ್, ಈಜುಕೊಳದ ಜೊತೆಗೆ ನೆಲದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿ. ಮೂವತ್ತು ಮಹಡಿಯ ಕಟ್ಟಡದಲ್ಲಿ ಆ ಪಾಲು ಒಂದು ಸಣ್ಣ ಕೋಣೆಯಷ್ಟೂ ಇರಲಿಕ್ಕಿಲ್ಲ.

## ಸಾಲ ಏನು ಮಾಡುತ್ತದೆ

ಹೊಸಬರು ಜಾಸ್ತಿ ತಪ್ಪು ತಿಳಿಯುವ ಜಾಗ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ.

ಅದೇ 100ರ ಫ್ಲಾಟು. ನೀವು 20 ಕೊಡುತ್ತೀರಿ, ಅದು ಡೌನ್ ಪೇಮೆಂಟ್. ಉಳಿದ 80 ಬ್ಯಾಂಕಿನ ಸಾಲ. ಜೊತೆಗೆ ಆ ಮೇಲುಖರ್ಚು 8. ನಿಮ್ಮ ಕೈಯಿಂದ ಹೋದದ್ದು 28. ಬಡ್ಡಿ ಶೇ. 8.5, ಅವಧಿ 20 ವರ್ಷ ಅಂತ ಹಿಡಿಯಿರಿ. ತಿಂಗಳ ಕಂತು, ಅಂದರೆ ಇಎಂಐ, ಸುಮಾರು 0.69 ಆಗುತ್ತದೆ. ವರ್ಷಕ್ಕೆ 8.3. ಖರ್ಚು ಕಳೆದು ಕೈಗೆ ಬರುವ ಬಾಡಿಗೆ 3. ಬಾಡಿಗೆಯಲ್ಲೇ ಇಎಂಐ ಹೋಗುತ್ತದೆ ಅಂದಿದ್ದರಲ್ಲ, ಇಲ್ಲಿ ಹೋಗುತ್ತಿಲ್ಲ. ವರ್ಷಕ್ಕೆ 5.3ನ್ನು ಸಂಬಳದಿಂದ ತೆಗೆದು ತುಂಬಬೇಕು.

ಇನ್ನೊಂದು ಸಂಗತಿ ಕಂತಿನ ಒಳಗೇ ಅಡಗಿದೆ. ಮೊದಲ ವರ್ಷ ಕಟ್ಟಿದ 8.3ರಲ್ಲಿ ಸುಮಾರು 6.7 ಬಡ್ಡಿಗೇ ಹೋಗುತ್ತದೆ. ಅಸಲು ಕರಗುವುದು 1.6 ಮಾತ್ರ. ಬಡ್ಡಿಯನ್ನು ಬಾಕಿ ಉಳಿದ ಅಸಲಿನ ಮೇಲೆ ಹಾಕುತ್ತಾರೆ, ಶುರುವಿನಲ್ಲಿ ಬಾಕಿಯೇ ಜಾಸ್ತಿ. ಇಪ್ಪತ್ತು ವರ್ಷ ಪೂರ್ತಿ ಕಟ್ಟಿದರೆ 80ರ ಸಾಲಕ್ಕೆ ಒಟ್ಟು ಸುಮಾರು 167 ಕೊಟ್ಟಿರುತ್ತೀರಿ.

ಹಾಗಾದರೆ ಸಾಲ ಮಾಡಿ ಆಸ್ತಿ ತಗೊಂಡು ಉದ್ಧಾರ ಆದವರು? ಅವರೂ ಇದ್ದಾರೆ. ಹೇಗೆ ಅಂತ ನೋಡಲು ನಾಲ್ಕು ಬಗೆಯ ವರ್ಷಗಳನ್ನು ಪಕ್ಕ ಪಕ್ಕ ಇಡೋಣ. ಸಾಲ ಇಲ್ಲದೆ 108 ಕೊಟ್ಟು ಕೊಂಡವರು ಒಬ್ಬರು. 28 ಕೈಯಿಂದ ಹಾಕಿ, 80 ಸಾಲ ಮಾಡಿದವರು ಇನ್ನೊಬ್ಬರು. ಇಬ್ಬರಿಗೂ ನಿವ್ವಳ ಬಾಡಿಗೆ 3. ಕೊಳ್ಳುವಾಗ ಹೋದ 8ರ ಖರ್ಚನ್ನು ನಷ್ಟ ಅಂತ ಈ ಒಂದು ವರ್ಷದ ಮೇಲೆ ಹೊರಿಸಿಲ್ಲ.

ಬೆಲೆ ಶೇ. 8 ಏರಿದ ವರ್ಷ: ಸಾಲ ಇಲ್ಲದವರಿಗೆ ಬಂದದ್ದು 11, ಹಾಕಿದ ದುಡ್ಡಿಗೆ ಶೇ. 10. ಸಾಲದವರಿಗೆ 11ರಲ್ಲಿ ಬಡ್ಡಿ 6.7 ಹೋಗಿ 4.3 ಉಳಿಯಿತು. ಅವರು ಹಾಕಿದ್ದೇ 28, ಅಂದರೆ ಶೇ. 15. ಸಾಲ ಗೆದ್ದಿತು.

ಬೆಲೆ ಶೇ. 5 ಏರಿದ ವರ್ಷ: ಸಾಲ ಇಲ್ಲದವರಿಗೆ ಶೇ. 7.4. ಸಾಲದವರಿಗೆ ಶೇ. 4.6. ಬೆಲೆ ಏರಿದೆ, ಆದರೂ ಸಾಲ ಸೋತಿದೆ.

ಬೆಲೆ ನಿಂತಲ್ಲೇ ನಿಂತ ವರ್ಷ: ಒಬ್ಬರಿಗೆ ಶೇ. 2.8 ಲಾಭ. ಇನ್ನೊಬ್ಬರಿಗೆ ಶೇ. 13 ನಷ್ಟ.

ಬೆಲೆ ಶೇ. 5 ಇಳಿದ ವರ್ಷ: ಒಬ್ಬರಿಗೆ ಶೇ. 2ರಷ್ಟು ನಷ್ಟ. ಇನ್ನೊಬ್ಬರಿಗೆ ಶೇ. 31.

ಬಾಡಿಗೆ ಮತ್ತು ಬೆಲೆ ಏರಿಕೆ ಎರಡೂ ಸೇರಿದ ಗಳಿಕೆ ಬಡ್ಡಿ ದರವನ್ನು ದಾಟಿದರೆ ಸಾಲ ಲಾಭವನ್ನು ಹಿಗ್ಗಿಸುತ್ತದೆ. ದಾಟದಿದ್ದರೆ ಲಾಭವನ್ನು ಕುಗ್ಗಿಸುತ್ತದೆ, ಇಲ್ಲವೇ ನಷ್ಟವನ್ನು ಹಿಗ್ಗಿಸುತ್ತದೆ. ಬೆಲೆ ‘ಏರಿದರೆ ಸಾಕು’ ಅನ್ನುವುದು ಸಾಲ ಇಲ್ಲದವರ ಮಾತು. ಸಾಲ ಇರುವವರಿಗೆ ಬಾಡಿಗೆಯೂ ಸೇರಿ ಬಡ್ಡಿಯನ್ನು ದಾಟುವಷ್ಟು ಏರಬೇಕು, ಅದೂ ಪ್ರತಿ ವರ್ಷದ ಸರಾಸರಿಯಲ್ಲಿ.

ಬೆಲೆ ಇಳಿಯುತ್ತಲೇ ಹೋಗಿ, ಬಾಕಿ ಸಾಲಕ್ಕಿಂತ ಆಸ್ತಿಯ ಬೆಲೆಯೇ ಕಡಿಮೆಯಾದರೆ? ಮಾರಿದರೂ ಸಾಲ ತೀರುವುದಿಲ್ಲ. ಅಮೆರಿಕದಲ್ಲಿ 2006ರ ನಂತರ ಆದದ್ದು ಇದೇ. ದೇಶದ ಸರಾಸರಿ ಮನೆ ಬೆಲೆ 2012ರ ಹೊತ್ತಿಗೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ಲಕ್ಷಗಟ್ಟಲೆ ಜನ ಮನೆ ಕಳೆದುಕೊಂಡರು. ಶೇ. 20 ಡೌನ್ ಪೇಮೆಂಟ್ ಕಟ್ಟಿದವರದ್ದೇ ಪೂರ್ತಿ ಮುಳುಗುವಷ್ಟು ಇಳಿತ ಅದು. ಏನೂ ಕಟ್ಟದೆ ಸಾಲ ತಗೊಂಡವರ ಕಥೆ ಹೇಳುವುದೇ ಬೇಡ.

ಬಡ್ಡಿ ದರ ಕೂಡ ಸುಮ್ಮನೆ ಕೂರುವುದಿಲ್ಲ. ಅಮೆರಿಕದಲ್ಲಿ 30 ವರ್ಷದ ಗೃಹ ಸಾಲದ ಬಡ್ಡಿ 2021ರಲ್ಲಿ ಶೇ. 3ರ ಆಸುಪಾಸಿನಲ್ಲಿತ್ತು. 2023ರ ಅಕ್ಟೋಬರ್ ಹೊತ್ತಿಗೆ ಶೇ. 8ರ ಹತ್ತಿರ ಹೋಯಿತು. ಅಲ್ಲಿ ಬಹುತೇಕ ಸಾಲಗಳಿಗೆ ದರ ಕೊನೆಯವರೆಗೂ ಬದಲಾಗದು, ಹಾಗಾಗಿ ಬಿಸಿ ತಟ್ಟಿದ್ದು ಹೊಸಬರಿಗೆ. ಆದರೆ ಭಾರತ ಸೇರಿ ಅನೇಕ ದೇಶಗಳಲ್ಲಿ ಗೃಹ ಸಾಲದ ದರ ತೇಲುವ ದರ. ಅಂದರೆ ಸಾಲ ನಡೆಯುತ್ತಿರುವಾಗಲೇ ಏರಬಹುದು, ಇಳಿಯಬಹುದು. ನಮ್ಮ ಉದಾಹರಣೆಯಲ್ಲಿ ಮೊದಲಿಂದಲೂ ಶೇ. 8.5ರ ಬದಲು 10.5 ಇದ್ದಿದ್ದರೆ ಕಂತು 0.69ರ ಬದಲು 0.80 ಆಗುತ್ತಿತ್ತು. ಬ್ಯಾಂಕುಗಳು ಕೆಲವೊಮ್ಮೆ ಕಂತು ಏರಿಸದೆ ಅವಧಿ ಉದ್ದ ಮಾಡುತ್ತವೆ. ಆಗ ಏನೂ ಆಗಿಲ್ಲ ಅನಿಸುತ್ತದೆ, ಆದರೆ ಇಪ್ಪತ್ತು ವರ್ಷ ಅಂದುಕೊಂಡದ್ದು ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿರಬಹುದು. ಸಾಲಕ್ಕೆ ಸಹಿ ಹಾಕುವ ಮೊದಲು ಎರಡು ಶೇಕಡಾ ಜಾಸ್ತಿ ಬಡ್ಡಿಗೆ ಒಮ್ಮೆ, ಆರು ತಿಂಗಳು ಮನೆ ಖಾಲಿ ಇದ್ದರೆ ಅಂತ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ.

## ಬೇಕು ಅಂದಾಗ ಮಾರಲಾಗದು

ಷೇರು ಮಾರಲು ಒಂದು ಗುಂಡಿ ಒತ್ತಿದರೆ ಸಾಕು. ಮನೆ ಮಾರಲು ತಿಂಗಳುಗಳು ಬೇಕು, ಮಾರುಕಟ್ಟೆ ಮಂಕಾಗಿದ್ದರೆ ವರ್ಷವೂ ಆದೀತು. ಆಸ್ಪತ್ರೆ ಖರ್ಚಿಗೆ ಒಂದು ರೂಮನ್ನು ಮಾತ್ರ ಮಾರುತ್ತೇನೆ ಅನ್ನಲಾಗದು. ಆತುರ ಇದೆ ಅಂತ ಗೊತ್ತಾದ ಕೂಡಲೇ ಕೊಳ್ಳುವವರು ದರ ಇಳಿಸುತ್ತಾರೆ. ಆರು ತಿಂಗಳ ಕಂತು, ಮನೆ ಖರ್ಚು ಬೇರೆ ಎತ್ತಿಟ್ಟ ಮೇಲೆಯೇ ಆಸ್ತಿಗೆ ಕೈ ಹಾಕಿ ಅಂತ ಹೇಳುವುದು ಇದಕ್ಕೇ.

## ಕಾಗದ ಪತ್ರ: ನೋಂದಣಿ ಆದರೆ ಸಾಕೇ?

ಅನೇಕರು ರಿಜಿಸ್ಟರ್ ಆಗಿದೆ ಅಂದರೆ ಆಸ್ತಿ ನಮ್ಮದೇ ಅಂದುಕೊಳ್ಳುತ್ತಾರೆ. ಇದು ಯಾವ ದೇಶ ಅನ್ನುವುದರ ಮೇಲೆ ನಿಂತಿದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಒಂದು ಹೊಸ ಪದ್ಧತಿ ತಂದರು. ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರವೇ ಹೊಣೆ. ನ್ಯೂಜಿಲೆಂಡ್, ಮಲೇಷ್ಯಾ, ಸಿಂಗಾಪುರ ಮುಂತಾದ ಕಡೆ ಈ ಪದ್ಧತಿ ಇದೆ.

ಭಾರತದಲ್ಲಿ, ಅಮೆರಿಕದ ಬಹುಭಾಗದಲ್ಲಿ ಹಾಗಿಲ್ಲ. ಇಲ್ಲಿ ದಾಖಲಾಗುವುದು ವ್ಯವಹಾರ. ಇಂಥವರು ಇಂಥವರಿಗೆ ಮಾರಿದ್ದಾರೆ ಅನ್ನುವ ಕ್ರಯಪತ್ರ ನೋಂದಣಿಯಾಗುತ್ತದೆ, ಮಾರಿದವರಿಗೆ ಮಾರುವ ಹಕ್ಕು ಇತ್ತೇ ಅನ್ನುವುದಕ್ಕೆ ನೋಂದಣಿ ಕಚೇರಿ ಗ್ಯಾರಂಟಿ ಕೊಡುವುದಿಲ್ಲ. ಅಮೆರಿಕದಲ್ಲಿ ಇದಕ್ಕೇ ಮಾಲೀಕತ್ವದ ವಿಮೆ ಅನ್ನುವ ದೊಡ್ಡ ವ್ಯಾಪಾರ ಬೆಳೆದಿದೆ. ಆ ವಿಮೆ ಇಲ್ಲದ ಕಡೆ ಕೊಳ್ಳುವವರೇ ಹಿಂದಕ್ಕೆ ಹೋಗಿ ಸರಪಳಿ ನೋಡಬೇಕು. ಈಗ ಮಾರುವವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ, ಅದಕ್ಕೂ ಹಿಂದೆ? ಒಂದು ಕೊಂಡಿ ಕಾಣದಿದ್ದರೆ ಅಲ್ಲೇ ನಿಲ್ಲಿ.

ನೋಡಬೇಕಾದ್ದು ಮೂಲ ಪತ್ರಗಳು. ಜೊತೆಗೆ, ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಅಂತ ತೋರಿಸುವ ಋಣಭಾರ ಪತ್ರ. ಆಸ್ತಿ ಪಿತ್ರಾರ್ಜಿತವಾದರೆ ಎಲ್ಲ ವಾರಸುದಾರರ ಸಹಿ ಬೇಕು. ಮದುವೆಯಾಗಿ ಹೋದ ಅಕ್ಕ ತಂಗಿಯರನ್ನು ಬಿಟ್ಟು ಮಾಡಿದ ಮಾರಾಟ ಎಷ್ಟೋ ವರ್ಷದ ಮೇಲೆ ಕೋರ್ಟಿಗೆ ಬರುವುದುಂಟು. ಕಡಿಮೆ ಬೆಲೆಗೆ ಜಿಪಿಎ (ಮಾಲೀಕರ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮೇಲೆ ಕೊಡುತ್ತೇವೆ ಅಂದರೆ ಹುಷಾರು. ಬರೀ ಜಿಪಿಎಯಿಂದ ಮಾಲೀಕತ್ವ ವರ್ಗವಾಗದು ಅಂತ ಭಾರತದ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜೆರಾಕ್ಸ್ ನೋಡಿ ಅಡ್ವಾನ್ಸ್ ಕೊಡಬೇಡಿ. ವಕೀಲರನ್ನು ನೀವೇ ಹುಡುಕಿ. ಬಿಲ್ಡರ್ ಅಥವಾ ಬ್ರೋಕರ್ ಕೊಟ್ಟ ವಕೀಲರು ಯಾರ ಪರ ಅಂತ ಬಿಡಿಸಿ ಹೇಳಬೇಕಿಲ್ಲ.

## ಇನ್ನೂ ಕಟ್ಟುತ್ತಿರುವ ಕಟ್ಟಡ

ಕಟ್ಟಿ ಮುಗಿದ ಫ್ಲಾಟಿಗಿಂತ ಕಟ್ಟುತ್ತಿರುವುದು ಅಗ್ಗ. ಯಾಕೆ ಅಗ್ಗ? ಮುಗಿಯದೇ ಇರುವ ಅಪಾಯವನ್ನು ನೀವು ಹೊತ್ತುಕೊಳ್ಳುತ್ತಿದ್ದೀರಿ, ಅದಕ್ಕೆ ರಿಯಾಯಿತಿ. ಚೀನಾದಲ್ಲಿ ಎವರ್‌ಗ್ರಾಂಡ್ ಅನ್ನುವ ದೈತ್ಯ ಕಂಪನಿ 2021ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ಕೋರ್ಟ್ ಅದನ್ನು ಮುಚ್ಚಲು ಆದೇಶ ಕೊಟ್ಟಿತು. ನಡುವೆ, 2022ರಲ್ಲಿ, ಚೀನಾದ ಎಷ್ಟೋ ಊರುಗಳಲ್ಲಿ ಅರ್ಧಕ್ಕೆ ನಿಂತ ಮನೆಗಳಿಗೆ ಕಂತು ಕಟ್ಟುವುದಿಲ್ಲ ಅಂತ ಕೊಂಡವರು ಒಟ್ಟಾಗಿ ಕೂತರು. ಮನೆ ಇಲ್ಲ, ಆದರೆ ಸಾಲ ಇದೆ. ಅವರ ಸ್ಥಿತಿ ಅದು.

ಭಾರತದಲ್ಲಿ 2016ರ ರೇರಾ ಕಾನೂನು ಇಂಥದ್ದನ್ನು ತಡೆಯಲೆಂದೇ ಬಂತು. ಕೊಳ್ಳುವವರಿಂದ ಬಂದ ದುಡ್ಡಿನಲ್ಲಿ ಶೇ. 70ನ್ನು ಬಿಲ್ಡರ್ ಆ ಯೋಜನೆಗೆ ಅಂತಲೇ ಬೇರೆ ಖಾತೆಯಲ್ಲಿ ಇಡಬೇಕು, ಕಟ್ಟಡ ಎದ್ದಷ್ಟೇ ತೆಗೆಯಬೇಕು. ಮೊದಲು ಇವರ ದುಡ್ಡಲ್ಲಿ ಇನ್ನೆಲ್ಲೋ ಜಾಗ ಕೊಳ್ಳುತ್ತಿದ್ದರು. ರೇರಾ ನೋಂದಣಿ ಸಂಖ್ಯೆ ಇದೆಯೇ ಅಂತ ನೋಡುವುದು ಮೊದಲ ಹೆಜ್ಜೆ. ಅದೇ ಬಿಲ್ಡರ್ ಹಿಂದೆ ಕಟ್ಟಿದ ಕಟ್ಟಡಕ್ಕೆ ಹೋಗಿ, ಅಲ್ಲಿ ವಾಸವಿರುವವರನ್ನು ಮಾತಾಡಿಸುವುದು ಎರಡನೆಯದು. ನನ್ನ ಅನಿಸಿಕೆಯಲ್ಲಿ ಈ ಎರಡನೆಯದರಿಂದಲೇ ಜಾಸ್ತಿ ತಿಳಿಯುತ್ತದೆ.

## ದುಡ್ಡು ಕಡಿಮೆ ಇದ್ದರೆ

ಇಡೀ ಕಟ್ಟಡ ಕೊಳ್ಳದೆ ಬಾಡಿಗೆಯಲ್ಲಿ ಪಾಲು ಪಡೆಯುವ ದಾರಿಯೂ ಇದೆ. ಅದಕ್ಕೆ ರೀಟ್ ಅನ್ನುತ್ತಾರೆ. ತುಂಬ ಜನರ ದುಡ್ಡು ಸೇರಿಸಿ ಆಫೀಸ್, ಮಾಲ್, ಗೋದಾಮುಗಳನ್ನು ಕೊಳ್ಳುವ ಸಂಸ್ಥೆ. ಬಂದ ಬಾಡಿಗೆಯಲ್ಲಿ ಬಹುಪಾಲನ್ನು ಹಂಚಲೇಬೇಕು. ಅಮೆರಿಕದಲ್ಲಿ ತೆರಿಗೆಗೆ ಒಳಪಡುವ ಆದಾಯದ ಕನಿಷ್ಠ ಶೇ. 90 ಹಂಚಬೇಕು ಅಂತ ನಿಯಮ, ಭಾರತದಲ್ಲೂ ಹಂಚಬಹುದಾದ ನಿವ್ವಳ ಹಣದ ಶೇ. 90. ಅಮೆರಿಕದಲ್ಲಿ ಈ ಕಾನೂನು ಬಂದದ್ದು 1960ರಲ್ಲಿ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ನಿಯಮ ಮಾಡಿತು, ಮೊದಲ ರೀಟ್ 2019ರಲ್ಲಿ ಷೇರುಪೇಟೆಗೆ ಬಂತು.

ಷೇರಿನಂತೆಯೇ ಒಂದೆರಡು ಯೂನಿಟ್ ಕೊಳ್ಳಬಹುದು, ಬೇಕಾದಾಗ ಮಾರಬಹುದು. ರಿಪೇರಿ, ಖಾಲಿ ಮನೆ, ಬಾಡಿಗೆ ವಸೂಲಿ ನಿಮ್ಮ ತಲೆನೋವಲ್ಲ. ಬದಲಿಗೆ ಬೆಲೆ ದಿನಾ ಏರಿಳಿಯುತ್ತದೆ, 2020ರ ಮಾರ್ಚ್‌ನಲ್ಲಿ ಜಗತ್ತಿನ ಎಲ್ಲ ಕಡೆ ರೀಟ್‌ಗಳು ಜೋರಾಗಿ ಬಿದ್ದವು. ಬಾಡಿಗೆ ಆದಾಯ ಹೇಗಿರುತ್ತದೆ ಅಂತ ಕಲಿಯಲು ಹೊಸಬರಿಗೆ ಇದು ಕಡಿಮೆ ಖರ್ಚಿನ ದಾರಿ.

ಮೊಬೈಲಿನಲ್ಲಿ ಬರುವ ‘ಪಾಲುದಾರರಾಗಿ’ ಜಾಹೀರಾತುಗಳು ಬಹುತೇಕ ಇನ್ನೊಂದು ಬಗೆಯವು. ಕೆಲವೇ ಜನ ಸೇರಿ ಒಂದೇ ಕಟ್ಟಡ ಕೊಳ್ಳುವುದು. ಬಹಳ ಕಾಲ ಇದಕ್ಕೆ ಸರಿಯಾದ ನಿಯಮವೇ ಇರಲಿಲ್ಲ. ಭಾರತದಲ್ಲಿ 2024ರಲ್ಲಿ ಸೆಬಿ ಸಣ್ಣ ಮತ್ತು ಮಧ್ಯಮ ರೀಟ್ ಅನ್ನುವ ಚೌಕಟ್ಟು ತಂದಿತು. ಹಣ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ: ಇದು ಆ ಚೌಕಟ್ಟಿನ ಒಳಗಿದೆಯೇ? ನನಗೆ ಹೊರಬರಬೇಕು ಅನಿಸಿದರೆ ನನ್ನ ಪಾಲನ್ನು ಯಾರು ಕೊಳ್ಳುತ್ತಾರೆ?

## ಮನೆ ನೋಡಲು ಹೋದಾಗ

ಲೆಕ್ಕ ಕೂಡಿಬಂತು, ಕಾಗದ ಸರಿಯಿದೆ ಅಂದರೂ ಕಣ್ಣಾರೆ ನೋಡುವ ಕೆಲಸ ಉಳಿದಿರುತ್ತದೆ. ಭಾನುವಾರ ಬೆಳಿಗ್ಗೆ ಒಮ್ಮೆ ನೋಡಿ ಮುಗಿಸಬೇಡಿ. ಮಳೆ ಬಂದ ಮಾರನೇ ದಿನ ಹೋಗಿ. ಮೇಲ್ಛಾವಣಿಯ ಮೂಲೆ, ಕಿಟಕಿಯ ಕೆಳಗೆ, ಬಚ್ಚಲಿನ ಹಿಂದಿನ ಗೋಡೆ ನೋಡಿ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಅಲ್ಲಿ ಕೈಯಿಟ್ಟು ನೋಡಿ, ತಣ್ಣಗಿದ್ದರೆ ಒಳಗೆ ತೇವ ಇರಬಹುದು. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ಮೇಲಿನ ಬಚ್ಚಲಲ್ಲಿ ನೀರು ಎಷ್ಟು ಬರುತ್ತದೆ ಗಮನಿಸಿ. ವಾರದ ನಡುವೆ ರಾತ್ರಿ ಒಮ್ಮೆ ಹೋದರೆ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ ಅಂತ ಗೊತ್ತಾಗುತ್ತದೆ. ಅರ್ಧಕ್ಕರ್ಧ ಕತ್ತಲಿದ್ದರೆ ಕೊಂಡವರೆಲ್ಲ ನಿಮ್ಮಂತೆಯೇ ಬಾಡಿಗೆಗೆ ಕಾಯುತ್ತಿದ್ದಾರೆ ಅಂತ ಅರ್ಥ. ವಾಚ್‌ಮನ್ ಜೊತೆ ಹತ್ತು ನಿಮಿಷ ಮಾತಾಡಿ, ಟ್ಯಾಂಕರ್ ವಾರಕ್ಕೆ ಎಷ್ಟು ಸಲ ಬರುತ್ತದೆ ಅಂತ ಅವರು ಮುಚ್ಚಿಡದೆ ಹೇಳುತ್ತಾರೆ.

ಬೆಲೆ ಮಾತಾಡುವ ಮುಂಚೆ ಲೆಕ್ಕವನ್ನು ಒಮ್ಮೆ ತಿರುಗಿಸಿ ಹಾಕಿ. ನಿವ್ವಳ ಬಾಡಿಗೆ 3 ಬರುತ್ತದೆ ಅಂತ ಗೊತ್ತು. ಬಾಡಿಗೆಯಿಂದಲೇ ವರ್ಷಕ್ಕೆ ಶೇ. 4 ಬೇಕು ಅಂತ ನೀವು ನಿರ್ಧರಿಸಿದ್ದರೆ, ಖರ್ಚೆಲ್ಲ ಸೇರಿ 75 ಕೊಡಬಹುದು. ಅದರಲ್ಲಿ ಮುದ್ರಾಂಕ, ಕಮಿಷನ್ ಇತ್ಯಾದಿ ಕಳೆದರೆ ಮಾರುವವರಿಗೆ ಕೊಡಬಹುದಾದ್ದು 70ಕ್ಕಿಂತ ಸ್ವಲ್ಪ ಕಡಿಮೆ. ಅವರು ಕೇಳುತ್ತಿರುವುದು 100. ನಡುವಿನ 30 ಮುಂದೆ ಬೆಲೆ ಏರುತ್ತದೆ ಅನ್ನುವ ನಿರೀಕ್ಷೆಗೆ ನೀವು ಇವತ್ತೇ ಕೊಡುತ್ತಿರುವ ದುಡ್ಡು. ಆ ನಿರೀಕ್ಷೆಗೆ ಕಾರಣ ಆ ಬೀದಿಯಲ್ಲಿ ಈಗಾಗಲೇ ಕಾಣುತ್ತಿದೆಯೇ, ಇಲ್ಲ ಬರೀ ಬ್ರೋಷರಿನ ಮೇಲಿದೆಯೇ ಅಂತ ನೋಡಿಕೊಂಡು ಮಾತಿಗೆ ಕೂರಿ.